ಲಿಂಕಿನ್ ಪಾರ್ಕ್ ಹೊಸ ಆಲ್ಬಂ ನವೆಂಬರ್ 15ಕ್ಕೆ: ಈಗಾಗಲೇ ಬಂದಿರುವ ಹಾಡು ಕೇಳಬೇಕಾ, ಪೂರ್ತಿ ಬರುವವರೆಗೆ ಕಾಯಬೇಕಾ?

ಮಂಡಗದ್ದೆ ಹಕ್ಕಿ | 26 ಅಕ್ಟೋಬರ್ 2024

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆಯ ರಾಕ್ ಕೇಳುವವರು ಇಲ್ಲಿ ಇದ್ದೀರಿ ಅಂತ ಗೊತ್ತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್ ಅವರ ಹೊಸ ಆಲ್ಬಂ 'ಫ್ರಮ್ ಜೀರೋ' ಬರಲು ಇನ್ನು 20 ದಿನ ಇದೆ. ಒಟ್ಟು 11 ಟ್ರ್ಯಾಕ್. ಅದರಲ್ಲಿ ಮೂರು ಈಗಾಗಲೇ ಹೊರಗೆ ಬಂದಿವೆ. ನಾನು ಕೇಳಿರುವುದು ಒಂದೇ ಒಂದು. ಸೆಪ್ಟೆಂಬರ್ 24ಕ್ಕೆ ಬಂದದ್ದನ್ನೂ ಮೊನ್ನೆ ಅಕ್ಟೋಬರ್ 24ಕ್ಕೆ ಬಂದದ್ದನ್ನೂ ಮುಟ್ಟಿಲ್ಲ. ಮೊನ್ನೆಯದಂತೂ ತುಂಬಾ ಕಷ್ಟವಾಯಿತು. ಅವರ ಮೊದಲ ಆಲ್ಬಂ 'ಹೈಬ್ರಿಡ್ ಥಿಯರಿ' ಬಂದದ್ದೂ 2000ದ ಅಕ್ಟೋಬರ್ 24ರಂದೇ. ಆ ದಿನ ಫೋನನ್ನು ದೇವರ ಕೋಣೆಯಲ್ಲಿ ಇಟ್ಟು ತೋಟಕ್ಕೆ ಹೋಗಿಬಿಟ್ಟೆ.

ಯಾಕೆ ಇಷ್ಟು ಹಟ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

2003ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಮುಗಿಯಿತು. ಪಿಯುಸಿಗೆ ಅಂತ ಶಿವಮೊಗ್ಗಕ್ಕೆ ಬಂದೆ. ವಿನೋಬನಗರದಲ್ಲಿ ಅತ್ತೆ ಮನೆ. ಅವರ ಎರಡನೇ ಆಲ್ಬಂ 'ಮೀಟಿಯೋರಾ' ಅದೇ ಮಾರ್ಚ್‌ನಲ್ಲಿ ಬಂದಿತ್ತು. ಕ್ಲಾಸಿನ ಗೆಳತಿಯೊಬ್ಬಳ ಅಣ್ಣ ಒಂದು ಸೈಬರ್ ಸೆಂಟರ್‌ನಲ್ಲಿ ಸೀಡಿಗೆ ಹಾಕಿಸಿಕೊಂಡು ಬಂದ. ಎಂಪಿ3 ಸೀಡಿ. ಮೇಲೆ ಮಾರ್ಕರ್‌ನಲ್ಲಿ ಬ್ಯಾಂಡ್ ಹೆಸರು ತಪ್ಪಾಗಿ ಬರೆದಿತ್ತು. ಅತ್ತೆ ಮನೆಯ ಕಂಪ್ಯೂಟರ್‌ನಲ್ಲಿ ಹಾಕಿದೆವು. 13 ಟ್ರ್ಯಾಕ್. ಎರಡು ವರ್ಷ ಅದೊಂದನ್ನೇ ಕೇಳಿದ್ದೇನೆ ಅಂದರೆ ನಂಬಿ. ಮಳೆ ಬರುವಾಗ, ಓದುವಾಗ, ಅತ್ತೆ ಬೈಯುವಾಗ, ಎಲ್ಲದಕ್ಕೂ ಅದೇ.

ಆದರೆ ಆ ಸೀಡಿಯಲ್ಲಿ ಹಾಡುಗಳು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಕೂತಿದ್ದವು. ಬಿ ಇಂದ ಶುರುವಾಗುವ 'ಬ್ರೇಕಿಂಗ್ ದ ಹ್ಯಾಬಿಟ್' ಮೊದಲು. ಆರನೆಯದಾಗಿ 13 ಸೆಕೆಂಡಿನ ಒಂದು ಸದ್ದು. ಏನೋ ಬಡಿದ ಹಾಗೆ, ಏನೋ ಒಡೆದ ಹಾಗೆ. ಹಾಡು ಕಾಪಿ ಆಗುವಾಗ ಹಾಳಾಗಿದೆ ಅಂದುಕೊಂಡೆವು. ಪ್ರತಿ ಸಲ ಅದನ್ನು ದಾಟಿಸಿ ಮುಂದಿನದಕ್ಕೆ ಹೋಗುತ್ತಿದ್ದೆವು.

2006ರಲ್ಲಿ ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಒರಿಜಿನಲ್ ಸೀಡಿ ನೋಡಿದೆ. ಆ 13 ಸೆಕೆಂಡ್ ಆಲ್ಬಂನ ಮೊದಲ ಟ್ರ್ಯಾಕ್. ಅದರ ಹೆಸರಿನ ಅರ್ಥವೇ ಮುನ್ನುಡಿ. ಆ ಒಡೆಯುವ ಸದ್ದು ಮುಗಿದ ಕ್ಷಣಕ್ಕೇ ಮುಂದಿನ ಹಾಡಿನ ಗಿಟಾರ್ ಮೇಲೆ ಬೀಳುತ್ತದೆ. ಕೊನೆಯಲ್ಲಿ ಮಾತಿಲ್ಲದ ಒಂದು ತುಣುಕು ಇದೆ, ಅದು ಮುಗಿದ ಮೇಲೆ 'ನಂಬ್'. ನಾನು ಮೂರು ವರ್ಷ ಮುನ್ನುಡಿಯನ್ನು ಪುಸ್ತಕದ ನಡುವೆ ಇಟ್ಟುಕೊಂಡು, ಅದನ್ನೂ ಓದದೆ ಹಾಳೆ ತಿರುಗಿಸಿದ್ದೆ. ಅವತ್ತು ಹೆಡ್‌ಫೋನ್ ಹಾಕಿಕೊಂಡು ಸರಿಯಾದ ಸಾಲಿನಲ್ಲಿ ಪೂರ್ತಿ ಕೇಳಿದೆ. 37 ನಿಮಿಷವೂ ಇಲ್ಲ. ಗೊತ್ತಿರುವ ಹಾಡುಗಳೇ, ಆದರೂ ಹೊಸ ಆಲ್ಬಂ ಕೇಳಿದ ಹಾಗಿತ್ತು.

ಎರಡನೇ ಕಾರಣ ಹೇಳುವುದು ಕಷ್ಟ.

2017ರ ಮೇನಲ್ಲಿ 'ಒನ್ ಮೋರ್ ಲೈಟ್' ಬಂತು. ಅಷ್ಟು ಹೊತ್ತಿಗೆ ನಾನು ಊರಿಗೆ ವಾಪಸ್ ಬಂದಿದ್ದೆ. ಅಪ್ಪನಿಗೆ ಹುಷಾರಿರಲಿಲ್ಲ, ತೋಟ ನೋಡುವವರು ಇರಲಿಲ್ಲ. ಆಲ್ಬಂಗೆ ಮೊದಲೇ ಬಿಟ್ಟ ಎರಡು ಹಾಡು ಕೇಳಿದೆ. ಗಿಟಾರ್ ಇಲ್ಲ, ಕೂಗು ಇಲ್ಲ. ಪಾಪ್ ಮಾಡಿಬಿಟ್ಟರು ಅಂತ ಸಿಟ್ಟು ಬಂತು. ಇಂಥದೇ ಒಂದು ಕಡೆ ಕೆಟ್ಟದಾಗಿ ಬರೆದೆ ಕೂಡ. ಪೂರ್ತಿ ಆಲ್ಬಂ ಕೇಳಲೇ ಇಲ್ಲ.

ಜುಲೈ 20ಕ್ಕೆ ಬ್ಯಾಂಡಿನ ಗಾಯಕ ಚೆಸ್ಟರ್ ಬೆನ್ನಿಂಗ್ಟನ್ ತೀರಿಕೊಂಡರು. 41 ವರ್ಷ. ನಮ್ಮಲ್ಲಿ ಆಗ ಜಡಿಮಳೆ. ಮೂರು ದಿನದಿಂದ ಕರೆಂಟ್ ಇರಲಿಲ್ಲ. ಮಾರನೇ ದಿನ ಬೆಳಿಗ್ಗೆ ಮನೆ ಹಿಂದಿನ ಗುಡ್ಡ ಹತ್ತಿದೆ, ಫೋನಿಗೆ ಸಿಗ್ನಲ್ ಸಿಗುವುದು ಅಲ್ಲೇ. ಒಂದೇ ಸಲಕ್ಕೆ ಹತ್ತೊಂಬತ್ತು ಮೆಸೇಜ್ ಬಂತು. ಎಲ್ಲವೂ ಅದೇ ಸುದ್ದಿ. ಕೊಡೆ ಹಿಡಿದುಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತೆ. ಅಲ್ಲೇ ಆ ಆಲ್ಬಂ ಹಾಕಿದೆ. ಮೊದಲಿಂದ. ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು, ಬಿಡಲಿಲ್ಲ. ಒಂಬತ್ತನೇ ಹಾಡು ಬ್ಯಾಂಡ್‌ನವರು ತಮ್ಮ ರೆಕಾರ್ಡ್ ಕಂಪನಿಯ ಗೆಳತಿಯೊಬ್ಬರು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಬರೆದದ್ದು. ಅದಕ್ಕೆ ಬರುವಷ್ಟರಲ್ಲಿ ನನಗೆ ಅರ್ಥವಾಗಿತ್ತು. ಆ ಮನುಷ್ಯ ಮೆಲ್ಲಗೆ ಹಾಡಿದ್ದು ಗಂಟಲು ಸೋತದ್ದಕ್ಕಲ್ಲ. ಕೂಗಿ ಹೇಳಲು ಆಗದ್ದನ್ನು ಹೇಳುತ್ತಿದ್ದರು. ಎರಡು ತಿಂಗಳು ಮೊದಲೇ ಪೂರ್ತಿ ಕೇಳಿದ್ದರೆ ಆ ಸಿಟ್ಟಿನ ಮಾತು ಬರೆಯುತ್ತಿರಲಿಲ್ಲ ಅಂತ ಇವತ್ತಿಗೂ ಅನ್ನಿಸುತ್ತದೆ.

ಅದಕ್ಕೇ ಈ ಸಲ ತುಂಡು ತುಂಡಾಗಿ ಕೇಳಿ ತೀರ್ಪು ಕೊಡಬಾರದು ಅಂತ.

ಕೇಳಿದ ಒಂದು ಹಾಡು ಯಾವುದು ಅಂದರೆ 'ದಿ ಎಂಪ್ಟಿನೆಸ್ ಮಷೀನ್'. ಅದನ್ನು ತಪ್ಪಿಸಲು ಸಾಧ್ಯವೇ ಇರಲಿಲ್ಲ. ಅವರ ಲೈವ್ ನಮ್ಮ ಟೈಮಿಗೆ ಸೆಪ್ಟೆಂಬರ್ 6ರ ಬೆಳಗಿನ ಜಾವ ಮೂರೂವರೆಗೆ. ಅವತ್ತು ಗೌರಿ ಹಬ್ಬ. ಅಮ್ಮ ನಾಲ್ಕಕ್ಕೆ ಏಳುವವರು, ನಾನು ಮೂರಕ್ಕೇ ಎದ್ದು ಜಗುಲಿಯಲ್ಲಿ ಕೂತಿದ್ದೆ. ಹಾಡಿನ ಮೊದಲ ಒಂದು ನಿಮಿಷ ಬ್ಯಾಂಡಿನ ಹಳಬರಾದ ಮೈಕ್ ಶಿನೋಡಾ ಒಬ್ಬರೇ ಹಾಡುತ್ತಾರೆ. ಆಮೇಲೆ ಹೊಸ ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ದನಿ ಬರುತ್ತದೆ. ಅಮ್ಮ ಬಾಗಿನದ ಮೊರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಯಾರೇ ಅದು? ಹೆಂಗಸಾ?" ಅಂದರು. ಹೌದು ಅಂದೆ. ನನ್ನ ಕಣ್ಣು ನೋಡಿ ಮತ್ತೇನೂ ಕೇಳಲಿಲ್ಲ.

ಈಗ ನನ್ನ ಪ್ರಶ್ನೆ. ನವೆಂಬರ್ 8ಕ್ಕೆ ಇನ್ನೊಂದು ಹಾಡು ಬರುತ್ತದಂತೆ. ನೀವೆಲ್ಲ ಬಂದಿದ್ದನ್ನು ಬಂದ ಹಾಗೆ ಕೇಳುತ್ತಿದ್ದೀರಾ? ಕಾಯುವುದರಲ್ಲಿ ನಿಜವಾಗಿ ಏನಾದರೂ ಸಿಗುತ್ತದಾ? ಮತ್ತೆ, ಪೂರ್ತಿ ಆಲ್ಬಂ ಕೂತು ಕೇಳುವವರು ಹೇಗೆ ಕೇಳುತ್ತೀರಿ? ಒಬ್ಬರೇನಾ, ಜೊತೆಗಾ?

---

ದುರ್ಗಿಗುಡಿ ಗಿಟಾರ್ | 26 ಅಕ್ಟೋಬರ್

ಮೀಟಿಯೋರಾ ಸೀಡಿ ಕತೆ ಓದಿ ಎದೆಗೇ ತಾಗಿತು. ನಮ್ಮ ಬ್ಯಾಚಿನವರೆಲ್ಲರ ಹತ್ತಿರ ಅದೇ ಥರದ ಸೀಡಿ ಇತ್ತು.

ನಾನು ಮೂರನ್ನೂ ಕೇಳಿದ್ದೇನೆ, ಪ್ರತಿ ದಿನ ಕೇಳುತ್ತಿದ್ದೇನೆ. ನಾನು ಮಕ್ಕಳಿಗೆ ಗಿಟಾರ್ ಹೇಳಿಕೊಡುವವನು. ಹಾಡು ಬಂದ ಮಾರನೇ ದಿನ ಹುಡುಗರು "ಸಾರ್, ಇದರ ರಿಫ್ ಹೇಳಿಕೊಡಿ" ಅಂತ ಬಂದು ನಿಲ್ಲುತ್ತಾರೆ. ಕಾಯುತ್ತೇನೆ ಅಂದರೆ ನಡೆಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲೇ ಬಿಡುವ ಹಾಡುಗಳು ಮನೆ ಬಾಗಿಲಲ್ಲಿ ಹಾಕಿದ ರಂಗೋಲಿ ಇದ್ದ ಹಾಗೆ. ಯಾವುದನ್ನು ಮೊದಲು ಬಿಡಬೇಕು, ಯಾವುದನ್ನು ಆಮೇಲೆ ಅಂತ ಅವರೂ ಯೋಚನೆ ಮಾಡಿರುತ್ತಾರೆ. ಎಮಿಲಿ ದನಿ ಒಂದು ನಿಮಿಷ ಆದ ಮೇಲೆ ಬರುವ ಹಾಡನ್ನೇ ಮೊದಲು ಬಿಟ್ಟಿದ್ದು ಸುಮ್ನೆ ಅಲ್ಲ. ಮೊದಲು ಗೊತ್ತಿರುವ ದನಿ, ಆಮೇಲೆ ಹೊಸಬರು. ಮನೆಗೆ ಬಂದ ಹೊಸ ನೆಂಟರನ್ನು ಮನೆಯವರು ಕೈ ಹಿಡಿದು ಒಳಗೆ ಕರೆದುಕೊಂಡು ಬಂದ ಹಾಗೆ.

ಆದರೆ ಈ ಬ್ಯಾಂಡಿಗೆ ಪೂರ್ತಿ ಆಲ್ಬಂ ಮುಖ್ಯ ಅನ್ನುವ ನಿಮ್ಮ ಮಾತು ನೂರಕ್ಕೆ ನೂರು ಸರಿ. 2010ರ 'ಎ ಥೌಸಂಡ್ ಸನ್ಸ್' ನೆನಪಿದೆಯಲ್ಲ? 15 ಟ್ರ್ಯಾಕ್, ಸುಮಾರು 48 ನಿಮಿಷ. ನಡುವೆ ಎಲ್ಲೂ ಕತ್ತರಿಸದೆ ಇಡೀ ಆಲ್ಬಂ ಒಂದೇ ಟ್ರ್ಯಾಕ್ ಆಗಿಯೂ ಮಾರಿದ್ದರು. ಬಿಡಿ ಹಾಡು ಕೇಳಿದವರು ಅದನ್ನು ಬೈದರು. ಕೂತು ಕೇಳಿದವರು ಬಿಡಲಿಲ್ಲ.

ಇನ್ನೊಂದು ವಿಷಯ ಎಲ್ಲರೂ ಗಮನಿಸಬೇಕು. ಎಲ್ಲರೂ ಎಮಿಲಿ ಬಗ್ಗೆಯೇ ಮಾತಾಡುತ್ತಿದ್ದಾರೆ. ಡ್ರಮ್ಸ್ ಕೂಡ ಬದಲಾಗಿದೆ ಅಲ್ವಾ? ರಾಬ್ ಬೋರ್ಡನ್ ಈಗ ಇಲ್ಲ. ಕಾಲಿನ್ ಬ್ರಿಟನ್ ಬಂದಿದ್ದಾರೆ. ರಾಬ್ ಹೊಡೆತ ಗಡಿಯಾರದ ಹಾಗೆ, ಒಂದು ಚೂರು ಹೆಚ್ಚು ಕಡಿಮೆ ಇಲ್ಲ. ಕಾಲಿನ್ ಹೊಡೆತದಲ್ಲಿ ಪಂಕ್ ಗಾಳಿ ಇದೆ, ಸ್ವಲ್ಪ ಮುಂದಕ್ಕೆ ತಳ್ಳುತ್ತಾರೆ. ಗಿಟಾರ್ ನುಡಿಸುವ ಬ್ರಾಡ್ ಡೆಲ್ಸನ್ ಸ್ಟುಡಿಯೋದಲ್ಲಿ ಇದ್ದಾರೆ, ಟೂರ್‌ಗೆ ಹೋಗುವುದಿಲ್ಲ. ಗಂಟಲು ಬೇರೆ, ಹೊಡೆತ ಬೇರೆ. ಹಾಗಾಗಿ ಹಳೆಯದರ ಪಕ್ಕ ಇಟ್ಟು ಅಳೆಯದೆ ಇದನ್ನು ಇದರ ಲೆಕ್ಕದಲ್ಲೇ ಕೇಳಬೇಕು ಅನ್ನುವುದು ನನ್ನ ಮಾತು.

ನೀವು ಕಾಯಿರಿ. ನಿಮಗೆ ಕಾರಣ ಇದೆ.

---

ಸಾಗರದವ | 27 ಅಕ್ಟೋಬರ್

ನಾನು ಕೇಳಿಲ್ಲ. ಒಂದನ್ನೂ ಕೇಳಿಲ್ಲ. ಕೇಳುವ ಮನಸ್ಸೂ ಇಲ್ಲ. ಯಾರ ಉತ್ಸಾಹಕ್ಕೂ ತಣ್ಣೀರು ಹಾಕುವುದಕ್ಕೆ ಬರೆಯುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

2009ರಲ್ಲಿ ನಮ್ಮ ತಂದೆ ಹೋದರು. ನನಗೆ ಆಗ 18. ಮನೆಯಲ್ಲಿ ಯಾರ ಮುಂದೆಯೂ ಅಳಲು ಆಗುತ್ತಿರಲಿಲ್ಲ, ಅಮ್ಮ ಇನ್ನೂ ಕುಗ್ಗುತ್ತಾರೆ ಅಂತ. ರಾತ್ರಿ ಬೈಕ್ ತಗೊಂಡು ಇಕ್ಕೇರಿ ರಸ್ತೆಯಲ್ಲಿ ಹೋಗಿ, ಒಂದು ಕಡೆ ನಿಲ್ಲಿಸಿ, ಇಯರ್‌ಫೋನ್ ಹಾಕಿಕೊಂಡು ಚೆಸ್ಟರ್ ಜೊತೆ ಕೂಗುತ್ತಿದ್ದೆ. ಆ ದನಿ ನನ್ನ ಪರವಾಗಿ ಅತ್ತಿತು. ನನಗೆ ಅದು ಬ್ಯಾಂಡಿನ ಒಂದು ಭಾಗ ಅಲ್ಲ, ಅದೇ ಬ್ಯಾಂಡ್.

ಉಳಿದವರು ಹಾಡಲಿ, ಅವರ ಹಕ್ಕು. ಆದರೆ ಬೇರೆ ಹೆಸರು ಇಟ್ಟುಕೊಳ್ಳಬಹುದಿತ್ತು. ಅದೇ ಹೆಸರು ಬೋರ್ಡಿನ ಮೇಲೆ ಇದೆ, ಒಳಗೆ ಹೋದರೆ ಆ ದನಿ ಇಲ್ಲ. ನನಗೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ.

---

ಮಂಡಗದ್ದೆ ಹಕ್ಕಿ | 27 ಅಕ್ಟೋಬರ್

ಸಾಗರದವರೇ, ನೀವು ಬರೆದದ್ದು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ನಿಮಗೆ ಕೇಳಿ ಅಂತ ನಾನು ಹೇಳುವುದಿಲ್ಲ.

ಹೆಸರಿನ ಬಗ್ಗೆ ಮಾತ್ರ ನನಗೆ ಅನ್ನಿಸಿದ್ದು ಹೇಳುತ್ತೇನೆ. ಮೈಕ್, ಬ್ರಾಡ್, ರಾಬ್ ಸ್ಕೂಲಿನ ಗೆಳೆಯರು. 1996ರಲ್ಲಿ ಶುರು ಮಾಡಿದಾಗ ಬ್ಯಾಂಡ್ ಹೆಸರು ಜೀರೋ. ಎಕ್ಸ್ ಅಕ್ಷರದಿಂದ ಬರೆಯುತ್ತಿದ್ದರು. ಚೆಸ್ಟರ್ ಬಂದದ್ದು 1999ರಲ್ಲಿ. ತನ್ನ 23ನೇ ಹುಟ್ಟುಹಬ್ಬದ ಪಾರ್ಟಿ ಬಿಟ್ಟು ಎದ್ದು ಹೋಗಿ, ಅವರು ಕಳಿಸಿದ ಡೆಮೊ ಟೇಪಿನ ಮೇಲೆ ಹಾಡಿ, ಫೋನಿನಲ್ಲೇ ಕೇಳಿಸಿದರಂತೆ. ಅಂದರೆ ಚೆಸ್ಟರ್ ಕೂಡ ಆಗಲೇ ಇದ್ದ ಒಂದು ಮನೆಗೆ ಬಂದವರು. ಬಂದ ಮೇಲೆ ಆ ಮನೆಯನ್ನೇ ತನ್ನದು ಮಾಡಿಕೊಂಡರು. ಹೊಸ ಆಲ್ಬಂಗೆ 'ಫ್ರಮ್ ಜೀರೋ' ಅಂತ ಇಟ್ಟಾಗ ನನಗೆ ಮೊದಲು ನೆನಪಾದದ್ದು ಆ ಹಳೆಯ ಹೆಸರೇ. ಸೊನ್ನೆಯಿಂದ ಶುರು ಅಂತಲೂ ಆಗುತ್ತದೆ, ಮೊದಲಿದ್ದ ಜಾಗದಿಂದ ಅಂತಲೂ ಆಗುತ್ತದೆ. ಅವರು ಚೆಸ್ಟರ್ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿದ್ದಾರೆ ಅಂತ ನನಗೆ ಅನ್ನಿಸುತ್ತಿಲ್ಲ. ಚೆಸ್ಟರ್ ಬರುವ ಮೊದಲಿನ ಜಾಗಕ್ಕೆ ಹೋಗಿ ಮತ್ತೆ ನಡೆಯುತ್ತಿದ್ದಾರೆ ಅಂತ ಅನ್ನಿಸುತ್ತದೆ.

ಇಷ್ಟು ಹೇಳಿದ ಮೇಲೂ ನಿಮ್ಮ ನೋವು ಸುಳ್ಳಾಗುವುದಿಲ್ಲ. ಅದು ನನಗೂ ಇದೆ. ಹಬ್ಬದ ದಿನ ಲೈವ್‌ನಲ್ಲಿ ಹಳೆಯ ಹಾಡು ಶುರುವಾದಾಗ ನಾನೂ ಎರಡು ಸಲ ಪರದೆಯಿಂದ ಮುಖ ತಿರುಗಿಸಿದೆ.

---

ನವುಲೆ ಹಾಸ್ಟೆಲ್ | 28 ಅಕ್ಟೋಬರ್

ಅಕ್ಕ, ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು ಅನ್ನಿಸುತ್ತದೆ. ಇಂಜಿನಿಯರಿಂಗ್ ಮೂರನೇ ಸೆಮ್. ಊರು ಹೊಸನಗರ ಕಡೆ.

ನೀವೆಲ್ಲ ಕಾಯುವುದರ ಬಗ್ಗೆ ಬರೆದಿದ್ದೀರಿ. ನನಗೆ ಇದೇ ಮೊದಲ ಕಾಯುವಿಕೆ. ಚೆಸ್ಟರ್ ಹೋದಾಗ ನನಗೆ 12. ಬ್ಯಾಂಡ್ ಹೆಸರೂ ಗೊತ್ತಿರಲಿಲ್ಲ. ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ದೊಡ್ಡಪ್ಪನ ಮಗ ತನ್ನ ಹಳೆಯ ಫೋನ್ ಕೊಟ್ಟ. ಮೆಮೊರಿ ಕಾರ್ಡಿನಲ್ಲಿ ಇವರ ಹಾಡು ತುಂಬಿತ್ತು. ಹಾಗೆ ಶುರುವಾಯಿತು. ಅಂದರೆ ನಾನು ಪ್ರೀತಿಸಿದ ಎಲ್ಲ ಆಲ್ಬಂಗಳೂ ನನಗಿಂತ ಮೊದಲೇ ಮುಗಿದು ಹೋಗಿದ್ದವು. ಎಲ್ಲರೂ ಜಾತ್ರೆ ಮುಗಿಸಿ ಮನೆಗೆ ಹೋದ ಮೇಲೆ ನಾನು ಬಂದ ಹಾಗೆ. ಈಗ ಮೊದಲ ಸಲ ತೇರು ಎಳೆಯುವ ದಿನ ನಾನೂ ಅಲ್ಲಿ ಇರುತ್ತೇನೆ.

ಅದಕ್ಕೇ ನಾನು ಎಲ್ಲ ಹಾಡನ್ನೂ ಕೇಳಿಬಿಟ್ಟೆ. ನನ್ನಿಂದ ಆಗಲಿಲ್ಲ. 'ಹೆವಿ ಈಸ್ ದ ಕ್ರೌನ್' ಬಂದ ದಿನ ನಮ್ಮ ರೂಮಿನಲ್ಲಿ ಆರು ಜನ ಎರಡು ಇಯರ್‌ಫೋನ್ ಹಂಚಿಕೊಂಡು ಕೇಳಿದೆವು. ಅದು ಈ ವರ್ಷದ ಲೀಗ್ ಆಫ್ ಲೆಜೆಂಡ್ಸ್ ವಿಶ್ವಕಪ್ ಹಾಡು, ಹಾಗಾಗಿ ಗೇಮ್ ಆಡುವ ಹುಡುಗಿಯರೂ ಸೇರಿಕೊಂಡರು. ಅದರಲ್ಲಿ ಎಮಿಲಿ ಒಂದೇ ಉಸಿರಿನಲ್ಲಿ 15 ಸೆಕೆಂಡ್ ಹತ್ತಿರ ಕೂಗುತ್ತಾರೆ. ಸಾರಿ ಅಕ್ಕ, ನೀವು ಕೇಳಿಲ್ಲ ಅಂತ ಗೊತ್ತು, ಇನ್ನು ಹೇಳುವುದಿಲ್ಲ. 2007ರ ಆಲ್ಬಂನಲ್ಲಿ ಚೆಸ್ಟರ್ 17 ಸೆಕೆಂಡ್ ಕೂಗಿದ್ದು ನಿಮಗೆ ಗೊತ್ತಿರುತ್ತದೆ. ನನ್ನ ಗೆಳತಿ ಒಬ್ಬಳು ಸ್ಟಾಪ್‌ವಾಚ್ ಹಿಡಿದು ಎರಡನ್ನೂ ನೋಡಿದಳು. ಆಮೇಲೆ ನಾನೇ ಬೇಡ ಅಂದೆ. ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಯಾರಿಗೋ ಅನ್ಯಾಯ ಮಾಡಿದ ಹಾಗೆ ಅನ್ನಿಸಿತು.

ನನಗೆ ಇನ್ನೊಂದು ಖುಷಿ ಇದೆ. ನಾನು ರೂಮಿನಲ್ಲಿ ಹಾಡುತ್ತೇನೆ. ಇಷ್ಟು ವರ್ಷ ಈ ಬ್ಯಾಂಡಿನ ಹಾಡನ್ನು ನನ್ನ ಶ್ರುತಿಗೆ ಬದಲಾಯಿಸಿಕೊಂಡು ಹಾಡುತ್ತಿದ್ದೆ. ಈಗ ಹಾಗೇ ಹಾಡಬಹುದು.

ಒಂದೇ ಕಷ್ಟ. ಹಾಸ್ಟೆಲ್‌ನಲ್ಲಿ ಜೋರಾಗಿ ಹಾಕಲು ಆಗುವುದಿಲ್ಲ. ಶಿವಮೊಗ್ಗದಲ್ಲಿ ಎಲ್ಲಾದರೂ ಆರು ಜನ ಕೂತು ಒಳ್ಳೆ ಸ್ಪೀಕರ್‌ನಲ್ಲಿ ಕೇಳುವ ಜಾಗ ಇದೆಯಾ?

---

ಹಳೇ ಕ್ಯಾಸೆಟ್ | 30 ಅಕ್ಟೋಬರ್

ನನಗೆ ಈಗ 52. ನಮ್ಮದು ಐರನ್ ಮೇಡನ್, ಗನ್ಸ್ ಎನ್ ರೋಸಸ್ ಕಾಲ. ಕಾಯುವುದರ ಬಗ್ಗೆ ಎರಡು ಮಾತು.

ಗನ್ಸ್ ಎನ್ ರೋಸಸ್ 1993ರಲ್ಲಿ ಒಂದು ಆಲ್ಬಂ ಬಿಟ್ಟರು. ಮುಂದಿನದು 2008ರಲ್ಲಿ. ಕಾಯಲು ಶುರು ಮಾಡಿದಾಗ ನಾನು ಡಿಗ್ರಿ ಓದುತ್ತಿದ್ದೆ, ಬಂದಾಗ ನನ್ನ ಮಗಳು ಎರಡನೇ ಕ್ಲಾಸು. 15 ವರ್ಷ ಕಾದದ್ದಕ್ಕೆ ತಕ್ಕ ಹಾಗಿತ್ತಾ ಅಂದರೆ, ಇರಲಿಲ್ಲ. ಆದರೆ ಕಾದ ವರ್ಷಗಳಲ್ಲಿ ಸಿಕ್ಕ ಗೆಳೆಯರು ಈಗಲೂ ಇದ್ದಾರೆ. 2007ರ ಮಾರ್ಚ್ 17ಕ್ಕೆ ಐರನ್ ಮೇಡನ್ ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ಅವರ ಜೊತೆಗೇ ಇಲ್ಲಿಂದ ರಾತ್ರಿ ಬಸ್ಸಿಗೆ ಹೋದೆ.

ಕ್ಯಾಸೆಟ್ ಕಾಲದಲ್ಲಿ ಹಾಡು ದಾಟಿಸುವುದು ಕಷ್ಟ. ರೀಲು ಓಡಿಸಿದರೆ ಟೇಪ್ ಸಿಕ್ಕಿಹಾಕಿಕೊಳ್ಳುತ್ತಿತ್ತು, ಆಮೇಲೆ ಪೆನ್ಸಿಲ್ ಹಾಕಿ ತಿರುಗಿಸಬೇಕು. ಹಾಗಾಗಿ ಇಷ್ಟವಿಲ್ಲದ ಹಾಡನ್ನೂ ಕೇಳುತ್ತಿದ್ದೆವು. ನನಗೆ ಇವತ್ತು ಅತಿ ಪ್ರೀತಿಯ ಹಾಡುಗಳಲ್ಲಿ ಅರ್ಧ ಆವತ್ತು ಇಷ್ಟವಿಲ್ಲದೇ ಕೇಳಿದವು.

ಮಂಡಗದ್ದೆ ತಂಗಿ, ನೀವು ಹಿಡಿದ ದಾರಿ ಸರಿ. ಒಂದು ಸಲಹೆ ಅಂದರೆ, ಮೊದಲ ಸಲ ಕೇಳುವಾಗ ಫೋನ್ ಬೇರೆ ಕೋಣೆಯಲ್ಲಿ ಇರಲಿ. ಎರಡನೇ ಸಲದವರೆಗೆ ಯಾರೂ ಅಭಿಪ್ರಾಯ ಹೇಳಬಾರದು. ನಾವು ಹಾಗೆ ಮಾಡುತ್ತಿದ್ದೆವು.

---

ಮಂಡಗದ್ದೆ ಹಕ್ಕಿ | 11 ನವೆಂಬರ್

ದೀಪಾವಳಿ, ಆಮೇಲೆ ಕೊಯ್ಲು ಶುರು. ಈ ಕಡೆ ಬರಲು ಆಗಿರಲಿಲ್ಲ. ಎಲ್ಲರ ಮಾತೂ ಓದಿದೆ. 8ನೇ ತಾರೀಖಿನ ಹಾಡನ್ನೂ ಕೇಳಿಲ್ಲ. ಅಂದರೆ ನನಗೆ ಹತ್ತು ಟ್ರ್ಯಾಕ್ ಹೊಸದಾಗಿ ಉಳಿದಿವೆ.

ನಿನ್ನೆ ರಾತ್ರಿ ನಡೆದದ್ದು ನಿಮಗೆ ಹೇಳಲೇಬೇಕು.

ಜಗುಲಿಯಲ್ಲಿ ಎಂಟು ಜನ ಅಡಿಕೆ ಸುಲಿಯುತ್ತಿದ್ದರು. ನಮ್ಮಲ್ಲಿ ಸುಲಿಯುವಾಗ ಸ್ಪೀಕರ್ ಇರಲೇಬೇಕು, ಇಲ್ಲದಿದ್ದರೆ ನಿದ್ದೆ ಬರುತ್ತದೆ. ಹೆಚ್ಚಾಗಿ ರಾಜ್‌ಕುಮಾರ್ ಹಾಡು, ಹತ್ತು ಗಂಟೆ ಮೇಲೆ ಯಕ್ಷಗಾನ. ಮೆಟ್ಟುಗತ್ತಿ ಮೇಲೆ ಕೈ ಓಡಲು ಚಂಡೆ ಒಳ್ಳೆಯದು. ಸುಲಿಯಲು ಬರುವವರಲ್ಲಿ 60 ದಾಟಿದ ಒಬ್ಬರು ಇದ್ದಾರೆ, ನಾವೆಲ್ಲ ಚಿಕ್ಕಮ್ಮ ಅನ್ನುತ್ತೇವೆ. ಕಳೆದ ವರ್ಷದ ಕೊಯ್ಲಿನಲ್ಲಿ ಒಂದು ರಾತ್ರಿ ನಾನು ಎಲ್ಲರನ್ನೂ ಕೇಳಿ ಚೆಸ್ಟರ್ ಹಾಡು ಹಾಕಿದ್ದೆ. ಆಗ ಚಿಕ್ಕಮ್ಮ ಕೇಳಿದ್ದರು, "ಈ ಹುಡುಗನಿಗೆ ಏನಾಗಿದೆ ಮಗಾ? ಯಾಕೆ ಹಿಂಗೆ ಕೂಗ್ತಾನೆ?" ನಾನು ಇದ್ದದ್ದು ಹೇಳಿದೆ. ಚಿಕ್ಕವನಿದ್ದಾಗ ತುಂಬಾ ಹಿಂಸೆ ಅನುಭವಿಸಿದವರು, ಈಗ ಇಲ್ಲ, ಹೋಗಿ ಆರು ವರ್ಷ ಆಯಿತು ಅಂತ. ಅವರು ಕೈ ನಿಲ್ಲಿಸಿದರು. "ಅಯ್ಯೋ, ಯಾರೂ ಇರಲಿಲ್ವಾ ಹತ್ರ?" ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿನ್ನೆ ನಾನು ಹಬ್ಬದ ದಿನ ಕೇಳಿದ ಆ ಒಂದು ಹೊಸ ಹಾಡು ಹಾಕಿದೆ. ಅದನ್ನೂ ನಾನು ಸೆಪ್ಟೆಂಬರ್‌ನಿಂದ ಮತ್ತೆ ಕೇಳಿರಲಿಲ್ಲ. ಮೈಕ್ ಹಾಡುವಾಗ ಚಿಕ್ಕಮ್ಮ ಸುಲಿಯುತ್ತಲೇ ಇದ್ದರು. ಎಮಿಲಿ ದನಿ ಬಂದಾಗ ತಲೆ ಎತ್ತಿದರು. ಹಾಡು ಮುಗಿದ ಮೇಲೆ, "ಇದು ಅದೇ ಮೇಳನಾ?" ಅಂತ ಕೇಳಿದರು. ಅದೇ ಮೇಳ, ಆ ಹುಡುಗ ಹೋದ ಮೇಲೆ ಇವರು ಬಂದಿದ್ದಾರೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. "ಅವನಿಗೆ ನೋವಿತ್ತು. ಇವಳಿಗೆ ಸಿಟ್ಟಿದೆ. ಭಾಗವತರು ಬದಲಾದ್ರೆ ಪದ್ಯ ಬದಲಾಗಲ್ಲ, ಆದ್ರೆ ಕುಣಿಯೋರ ಹೆಜ್ಜೆ ಬದಲಾಗ್ತದೆ."

ನಾನು ಎರಡು ತಿಂಗಳಿಂದ ಇಂಗ್ಲಿಷ್‌ನಲ್ಲಿ ಎಷ್ಟು ವಿಮರ್ಶೆ ಓದಿದ್ದೇನೋ ಲೆಕ್ಕವಿಲ್ಲ. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ದುರ್ಗಿಗುಡಿಯವರು ಡ್ರಮ್ಸ್ ಬಗ್ಗೆ ಹೇಳಿದ್ದೂ ಇದೇ ಅಲ್ವಾ? ಹಾಡುವವರು ಬದಲಾದಾಗ ಎಲ್ಲರ ಹೆಜ್ಜೆಯೂ ಬೇರೆಯಾಗುತ್ತದೆ. ಅದಕ್ಕೇ ನನಗೆ ಪೂರ್ತಿ ಆಲ್ಬಂ ಬೇಕು. ಹೆಜ್ಜೆ ಒಂದೇ ಪದ್ಯದಲ್ಲಿ ಗೊತ್ತಾಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನವುಲೆ ತಂಗಿ, ನೀನು ಜಾಗ ಕೇಳಿದ್ದೆ. ಶುಕ್ರವಾರ 15ಕ್ಕೆ ನಾನು ಹೇಗೂ ಅಡಿಕೆ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಬರುತ್ತೇನೆ. ಆಲ್ಬಂ ಅಲ್ಲೇ ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ, ನಮ್ಮ ಮನೆಯ ಇಂಟರ್ನೆಟ್ ನಂಬುವ ಹಾಗಿಲ್ಲ. ಆದರೆ ಅವತ್ತು ಕೇಳುವುದಿಲ್ಲ. ಶನಿವಾರ 16ರ ಸಂಜೆ ನಮ್ಮ ಮನೆ ಜಗುಲಿಯಲ್ಲಿ ಹಾಕೋಣ. ಏಳು ವರ್ಷ ಕಾದವಳಿಗೆ ಇನ್ನೊಂದು ದಿನ ಹೆಚ್ಚಲ್ಲ. ನೀವು ಆರೂ ಜನ ಬನ್ನಿ. ಮನೆಯಲ್ಲಿ ಹೇಳಿ, ಹಾಸ್ಟೆಲ್‌ನಲ್ಲಿ ಬರೆದುಕೊಟ್ಟು ಬನ್ನಿ. ಬೇಕಾದರೆ ನಮ್ಮ ಅಮ್ಮನೇ ವಾರ್ಡನ್ ಹತ್ತಿರ ಫೋನಿನಲ್ಲಿ ಮಾತಾಡುತ್ತಾರೆ. ರಾತ್ರಿ ವಾಪಸ್ ಹೋಗುವುದು ಬೇಡ, ಇಲ್ಲೇ ಉಳಿಯಿರಿ. ಸುಲಿಯುವವರನ್ನು ಕೇಳಿದ್ದೇನೆ. "ಒಂದು ತಾಸು ನಿಮ್ಮ ಮೇಳ, ಆಮೇಲೆ ನಮ್ಮದು" ಅಂತ ಚಿಕ್ಕಮ್ಮ ಒಪ್ಪಿದ್ದಾರೆ.

---

ನವುಲೆ ಹಾಸ್ಟೆಲ್ | 11 ನವೆಂಬರ್

ಅಕ್ಕಾ!! ಬರುತ್ತೇವೆ. ಆರೂ ಜನ ಬರುತ್ತೇವೆ. ಮನೆಗೆ ಈಗಲೇ ಫೋನ್ ಮಾಡುತ್ತೇನೆ. ಶುಕ್ರವಾರ ಬಂದರೂ ಶನಿವಾರದವರೆಗೆ ಹೊಸ ಏಳು ಟ್ರ್ಯಾಕ್ ಯಾರೂ ಮುಟ್ಟಬಾರದು ಅಂತ ಈಗಷ್ಟೇ ಮಾತಾಗಿದೆ. ಅಡಿಕೆ ಸುಲಿಯಲು ನನಗೆ ಬರುತ್ತದೆ, ಉಳಿದವರಿಗೆ ಹೇಳಿಕೊಡುತ್ತೇನೆ.

---

ದುರ್ಗಿಗುಡಿ ಗಿಟಾರ್ | 12 ನವೆಂಬರ್

ನಾನೂ ನನ್ನ ಹೆಂಡತಿಯೂ ಬರುತ್ತೇವೆ, ನಿಮಗೆ ತೊಂದರೆ ಇಲ್ಲ ಅಂದರೆ. ಕ್ಲಾಸಿನ ದೊಡ್ಡ ಸ್ಪೀಕರ್ ಎರಡನ್ನೂ ಕಾರಿನಲ್ಲಿ ಹಾಕಿಕೊಂಡು ಬರುತ್ತೇನೆ. ಇನ್ವರ್ಟರ್ ತಡೆಯುತ್ತದಾ ಒಂದು ಸಲ ನೋಡಿ ಹೇಳಿ. ಇಲ್ಲದಿದ್ದರೆ ಬ್ಯಾಟರಿಯದ್ದು ಇನ್ನೊಂದು ಇದೆ, ಸದ್ದು ಸ್ವಲ್ಪ ಕಡಿಮೆ.

---

ಹಳೇ ಕ್ಯಾಸೆಟ್ | 12 ನವೆಂಬರ್

ನನಗೆ ಬರಲು ಆಗುವುದಿಲ್ಲ, ಮಗಳ ಮನೆಗೆ ಹೋಗುತ್ತಿದ್ದೇನೆ. ಎರಡನೇ ಸಲ ಕೇಳಿದ ಮೇಲೆ ಇಲ್ಲಿ ಬರೆಯಿರಿ. ಮೊದಲ ಸಲಕ್ಕೆ ಬೇಡ.

---

ಸಾಗರದವ | 13 ನವೆಂಬರ್

ಚಿಕ್ಕಮ್ಮ ಕೇಳಿದ ಆ ಪ್ರಶ್ನೆ, "ಯಾರೂ ಇರಲಿಲ್ವಾ ಹತ್ರ" ಅಂದದ್ದು, ಎರಡು ದಿನದಿಂದ ತಲೆಯಲ್ಲಿದೆ.

ಶನಿವಾರ ನನಗೆ ರಜೆ. ನಾನೂ ಬರಬಹುದಾ? ಹಾಡು ಕೇಳುತ್ತೇನೆ ಅಂತ ಮಾತು ಕೊಡುವುದಿಲ್ಲ. ಆಗದಿದ್ದರೆ ಎದ್ದು ಅಂಗಳಕ್ಕೆ ಹೋಗುತ್ತೇನೆ. ಅಡಿಕೆ ಸುಲಿಯಲು ಬರುತ್ತದೆ, ನಮ್ಮದೂ ತೋಟದ ಮನೆ.

---

ಮಂಡಗದ್ದೆ ಹಕ್ಕಿ | 13 ನವೆಂಬರ್

ಖಂಡಿತ ಬನ್ನಿ. ಅಂಗಳದಲ್ಲಿ ಬೆಂಚಿದೆ, ಹಂಡೆ ಒಲೆಯ ಬೆಂಕಿಯೂ ಇರುತ್ತದೆ. ಅಲ್ಲಿಗೂ ಕೇಳಿಸುತ್ತದೆ, ಆದರೆ ಸಣ್ಣಗೆ.

ಬಸ್ಸಿಗೆ ಬರುವವರು ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ ಹತ್ತಿ ಮಂಡಗದ್ದೆಯಲ್ಲಿ ಇಳಿಯಿರಿ. ಐದು ಗಂಟೆ ಒಳಗೆ ಬನ್ನಿ, ಕತ್ತಲಾದರೆ ಒಳಗಿನ ದಾರಿ ಕಷ್ಟ. ಇಳಿದ ಮೇಲೆ ಫೋನ್ ಮಾಡಬೇಡಿ, ಹೋಗುವುದಿಲ್ಲ. ನಾನೇ ಜೀಪ್ ತಂದು ನಿಂತಿರುತ್ತೇನೆ. ಸ್ವೆಟರ್ ಇರಲಿ. ಇನ್ವರ್ಟರ್ ನೋಡಿದೆ, ಎರಡು ಸ್ಪೀಕರ್‌ಗೆ ಸಾಕಾಗುತ್ತದೆ. ಮೆಟ್ಟುಗತ್ತಿ ಮೂರು ಜಾಸ್ತಿ ಇವೆ.